ಹಡಗು ಹತ್ತದ ಗುತ್ಯಪ್ಪ

ಸಮುದ್ರ ಕಂಡೊಡನೆ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದ ಮನುಷ್ಯನನ್ನು ನಮ್ಮ ಸಾಗರದ ಪೇಟೆಯವರು ‘ಹಡಗಿನ ಗುತ್ಯಪ್ಪ’ ಎಂದು ಕರೆಯುತ್ತಿದ್ದರು. ಸಾಗರ ಎಂದು ಹೆಸರಿಟ್ಟುಕೊಂಡ ಊರಿಗೇ ಸಮುದ್ರವಿಲ್ಲ; ಇನ್ನು ಗುತ್ಯಪ್ಪನವರದ್ದೇನು ದೊಡ್ಡ ವಿಷಯ? ತಲೆಯ ಮೇಲೆ ಯಾವನೋ ನಾವಿಕ ಬಿಟ್ಟುಹೋದ ಬಿಳಿ ಟೋಪಿ, ಕೆಳಗೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ. ಇದ್ದದ್ದು ಒಂದು ಬಾಡಿಗೆ ವ್ಯಾನು. ಹೊನ್ನಾವರದಾಚೆ ಕಡಲಲ್ಲಿ ಲಂಗರು ಹಾಕುವ ಸರಕು ಹಡಗುಗಳಿಗೆ ಕೆಲಸದವರನ್ನು ಮುಟ್ಟಿಸುವುದು, ಹಡಗಿನಿಂದ ಇಳಿದವರನ್ನು ತಂದು ರೈಲಿಗೆ ಹತ್ತಿಸುವುದು ಅವರ ಉದ್ಯೋಗ. ಅರವತ್ತರ ದಶಕದ ಆ ವರ್ಷಗಳಲ್ಲಿ ನಾನು ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಹಡಗಿನ ಏಜೆಂಟರ ಟ್ರಂಕ್ ಕಾಲ್ ಬಂದರೆ ಎದುರಿನ ಚಾ ಅಂಗಡಿಯಲ್ಲಿ ಕೂತಿರುತ್ತಿದ್ದ ಗುತ್ಯಪ್ಪನವರಿಗೆ ಹೇಳಿಕಳಿಸಬೇಕಾದವಳು ನಾನೇ.

ಈ ಉದ್ಯೋಗ ಅವರಿಗೆ ಸಿಕ್ಕಿದ್ದೂ ಊರಿನ ಹೆಸರಿನ ದೆಸೆಯಿಂದ. ದೂರದ ಆಫೀಸಿನ ಯಾವನೋ ಗುಮಾಸ್ತ, ಸಾಗರ ಎಂದಮೇಲೆ ಬಂದರು ಇರಲೇಬೇಕು ಎಂದುಕೊಂಡು ನಾವಿಕರ ಗುಂಪೊಂದಕ್ಕೆ ಇಲ್ಲಿಯವರೆಗೇ ರೈಲು ಟಿಕೆಟ್ ಮಾಡಿಸಿದ್ದ. ಅವರು ಟ್ರಂಕು ಹೊತ್ತುಕೊಂಡು ‘ಹಾರ್ಬರ್ ಎಲ್ಲಿ’ ಎಂದು ಕೇಳುತ್ತ ಪೇಟೆಯೆಲ್ಲ ಸುತ್ತಿದರು. ಮರ್ಯಾದಸ್ಥರೊಬ್ಬರು ಅವರನ್ನು ಗಣಪತಿ ಕೆರೆಯ ಹತ್ತಿರ ಬಿಟ್ಟುಬಂದರು. ಬಟ್ಟೆ ಒಗೆಯುವ ಹೆಂಗಸರನ್ನೂ ನೀರಿಗಿಳಿದ ಎಮ್ಮೆಗಳನ್ನೂ ನೋಡುತ್ತ ದಿಕ್ಕುಗೆಟ್ಟು ನಿಂತಿದ್ದವರನ್ನು ಗುತ್ಯಪ್ಪನವರೇ ವ್ಯಾನಿಗೆ ಹತ್ತಿಸಿಕೊಂಡು, ಗೇರುಸೊಪ್ಪೆ ಘಾಟಿ ಇಳಿಸಿ, ಹೊನ್ನಾವರ ಸೇರಿಸಿದರು.

“ಅಳೋದೊಂದು ಬಾಕಿ ಇತ್ತು ಅಕ್ಕೋರೆ, ಪಾಪ. ಎಂತ ಮಾಡದು? ಕೆರೆಗೆ ಹಡಗು ಬರದು ತಡ ಆಗ್ತದೆ, ನನ್ ವ್ಯಾನ್ ಹತ್ತಿ ಅಂದೆ,” ಎಂದು ಅವರೇ ನನಗೆ ಹೇಳಿದ್ದರು. ಅಂದಿನಿಂದ ಏಜೆಂಟರು ನಾವಿಕರನ್ನು ತಾಳಗುಪ್ಪದ ಕೊನೆಯ ನಿಲ್ದಾಣಕ್ಕೇ ಕಳಿಸತೊಡಗಿದರು. ಗುತ್ಯಪ್ಪನವರ ವ್ಯಾನು ಅಲ್ಲಿ ಕಾಯತೊಡಗಿತು.

ಕೆಲಸ ಕೇಳಿದಷ್ಟು ಸುಲಭದ್ದಲ್ಲ. ಬರುತ್ತೇನೆಂದ ಹಡಗು ಬರುತ್ತಿರಲಿಲ್ಲ. ಬಂದದ್ದು ಕಾಯುತ್ತಿರಲಿಲ್ಲ. ಘಾಟಿಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದ ದಿನವೇ ಕಡಲು ಶಾಂತವಾಗಿರುತ್ತಿತ್ತು. ರಸ್ತೆ ತೆರವಾದ ದಿನ ಅಲೆ ಎದ್ದು ದೋಣಿಯವರು ಕೈಯೆತ್ತುತ್ತಿದ್ದರು. ಹಡಗು ತಪ್ಪಿಸಿಕೊಂಡವರು ಗುತ್ಯಪ್ಪನವರ ಮನೆಯಲ್ಲೇ ಬಿಡಾರ ಹೂಡುತ್ತಿದ್ದರು. ದೇಶದೇಶ ತಿರುಗಿದ ಗಂಡಸರು ಅವರ ಹೆಂಡತಿ ಹೂವಮ್ಮನ ಹಿತ್ತಲಲ್ಲಿ ಕೂತು ಬಸಳೆ ಸೊಪ್ಪು ಸೋಸುವುದನ್ನು ನಾನೇ ನೋಡಿದ್ದೇನೆ.

ಹೊನ್ನಾವರದಲ್ಲಿದ್ದ ನನ್ನ ಅಕ್ಕನ ಮನೆಗೆ ಒಮ್ಮೆ ಅದೇ ವ್ಯಾನಿನಲ್ಲಿ ಹೋದೆ. ಹಿಂದಿನ ಸೀಟಿನಲ್ಲಿ ನಾಲ್ವರು ನಾವಿಕರು. ಎಂಥೆಂಥ ಬಿರುಗಾಳಿಗೂ ಜಗ್ಗಿದವರಲ್ಲ ತಾವು ಎಂದು ಅವರ ಮಾತು. ಘಾಟಿಯ ಎರಡನೆಯ ತಿರುವಿಗೆ ಮಾತು ನಿಂತಿತು. ಮುಂದಿನ ತಿರುವಿನಲ್ಲಿ ನಾಲ್ವರೂ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಗುತ್ಯಪ್ಪನವರು ಹಿಂದೆ ತಿರುಗದೆ ಒಂದೊಂದು ನಿಂಬೆಹಣ್ಣು ದಾಟಿಸುತ್ತ, “ಮೂಸಿ, ಮೂಸಿ. ಘಾಟಿ ಮುಗಿದ್ರೆ ಎಲ್ಲಾ ಸರಿ. ಸಮುದ್ರ ಅಂದ್ರೆ ಎಂತ, ಸಪಾಟು,” ಎಂದು ಸಮಾಧಾನ ಹೇಳಿದರು.

ದಡದಲ್ಲಿ ದೋಣಿ ಸಿದ್ಧವಾಗಿತ್ತು. ಹಡಗು ಬೆರಳುಗಾತ್ರಕ್ಕೆ ದೂರದಲ್ಲಿ ಕಾಣುತ್ತಿತ್ತು. ಗುತ್ಯಪ್ಪನವರು ಕಡಲಿಗೆ ಬೆನ್ನು ಮಾಡಿ ನಿಂತು, ಹಗ್ಗದ ಏಣಿಯನ್ನು ಹೇಗೆ ಹಿಡಿಯಬೇಕು, ದೋಣಿ ಮೇಲೆದ್ದಾಗ ಹೇಗೆ ಜಿಗಿಯಬೇಕು ಎಂದು ಆ ನಾಲ್ವರಿಗೂ ಪಾಠ ಮಾಡಿದರು. ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದವರು ವಿಧೇಯವಾಗಿ ತಲೆಯಾಡಿಸಿದರು. ದೋಣಿ ಹೊರಟ ಮೇಲೆ ನಾನು ಕೇಳಿದೆ:

“ಗುತ್ಯಪ್ಪಣ್ಣ, ನೀವು ಒಮ್ಮೆಯಾದ್ರೂ ಹಡಗು ಹತ್ತಿದ್ದೀರಾ?”

“ನಾನೂ ಹತ್ತಿದ್ರೆ ವ್ಯಾನ್ ವಾಪಸ್ ತರೋರು ಯಾರು ಅಕ್ಕೋರೆ?” ಎಂದರು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರೂರುಗಳೇ ಮುಳುಗಿದ ಮೇಲಿನ ಮಾತು. ಹಡಗೊಂದರಿಂದ ಕನ್ನಪ್ಪ ಎಂಬ ಅಡುಗೆಯವನು ಇಳಿದ. ಹೊಸನಗರ ಸೀಮೆಯ ಶರಾವತಿ ದಡದ ಹುಡುಗ. ಮನೆಯಲ್ಲಿ ಜಗಳವಾಡಿ ಬೊಂಬಾಯಿಗೆ ಓಡಿಹೋಗಿ, ಹೋಟೆಲಿನಲ್ಲಿ ದುಡಿದು, ಹಡಗು ಸೇರಿದ್ದವನು. ಇಷ್ಟು ವರ್ಷ ಊರಿಗೆ ಒಂದು ಕಾಗದ ಹಾಕಿರಲಿಲ್ಲ. ಘಾಟಿ ಹತ್ತುವಷ್ಟು ಹೊತ್ತೂ ಅವ್ವನ ವಿಷಯ, ಗದ್ದೆಯ ವಿಷಯ, ಮನೆಯೆದುರಿನ ಹೊಳೆಯ ಮೀನಿನ ವಿಷಯ ಹೇಳಿದನಂತೆ. ಆ ಊರು ನೀರಿನಡಿಗೆ ಹೋಗಿದೆಯೆಂದು ಗುತ್ಯಪ್ಪನವರಿಗೆ ಗೊತ್ತು. ಅವನನ್ನು ಮನೆಯಲ್ಲಿ ಊಟಕ್ಕೆ ಕೂರಿಸಿ ಎಕ್ಸ್‌ಚೇಂಜಿಗೆ ಓಡಿಬಂದರು.

“ಹೆಂಗೆ ಹೇಳದು ಅಕ್ಕೋರೆ? ಬಾಯೇ ಬರ್ಲಿಲ್ಲ. ಅವ್ನ ಅವ್ವ ಬದುಕಿದಾಳಾ, ಎಲ್ಲಿದಾಳೆ, ಅಷ್ಟಾದ್ರೂ ಕೇಳಿ ನೋಡಿ.”

ನಾನು ಹೊಸನಗರದ ಆಪರೇಟರನ್ನು ಕೇಳಿದೆ. ಆತ ಯಾರ‍್ಯಾರನ್ನೋ ವಿಚಾರಿಸಿ ಸಂಜೆಯ ಹೊತ್ತಿಗೆ ತಿಳಿಸಿದ: ತಾಯಿ ಬದುಕಿದ್ದಾಳೆ, ಹಿನ್ನೀರಿನ ಆಚೆ ದಡದ ಗುಡ್ಡದ ಮೇಲೆ ತನ್ನ ತಮ್ಮನ ಮನೆಯಲ್ಲಿದ್ದಾಳೆ.

ಮರುದಿನ ನನಗೆ ರಜೆ. ನೀವೂ ಬನ್ನಿ, ಹೆಂಗಸರು ಹೇಳಿದರೆ ಬೇರೆ ಎಂದು ಗುತ್ಯಪ್ಪನವರು ನನ್ನನ್ನೂ ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ನಾನು ಮಾತು ಹುಡುಕುತ್ತಲೇ ಇದ್ದೆ. ರಸ್ತೆ ಒಂದು ಕಡೆ ನೆಟ್ಟಗೆ ನೀರಿನೊಳಗೆ ಇಳಿದುಹೋಗಿತ್ತು. ವ್ಯಾನು ನಿಂತಿತು. ಕನ್ನಪ್ಪ ಇಳಿದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ನಗುತ್ತ ಕೇಳಿದ:

“ಇದ್ಯಾವ ಬಂದರಿಗೆ ತಂದ್ರಿ ಗುತ್ಯಪ್ಪಣ್ಣ?”

ಗುತ್ಯಪ್ಪನವರೇ ಅವನ ಪಕ್ಕಕ್ಕೆ ಹೋಗಿ ನಿಂತರು. “ಬಂದರಲ್ಲ ಕಣಾ ಮಾರಾಯ. ನಿಮ್ಮೂರು.”

ಕನ್ನಪ್ಪ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. “ಅವ್ವ?” ಎಂದ.

“ಇದಾರೆ. ಆಚೆ ದಡದಲ್ಲಿ,” ಎಂದೆ ನಾನು. ನನಗೆ ಹೇಳಲು ಉಳಿದಿದ್ದು ಅಷ್ಟೇ.

ಆಚೆ ದಡಕ್ಕೆ ಒಂದು ಸಣ್ಣ ದೋಣಿ ಹೋಗುತ್ತಿತ್ತು. ಕನ್ನಪ್ಪನೊಬ್ಬನನ್ನೇ ಕಳಿಸುವ ಹಾಗಿರಲಿಲ್ಲ. ಗುತ್ಯಪ್ಪನವರು ವ್ಯಾನನ್ನು ನೋಡಿದರು, ನೀರನ್ನು ನೋಡಿದರು, ಲುಂಗಿ ಇನ್ನಷ್ಟು ಮೇಲೆ ಕಟ್ಟಿ ದೋಣಿಯೊಳಗೆ ಕಾಲಿಟ್ಟರು. ದೋಣಿ ತೂಗಿದ ಕೂಡಲೇ ಕನ್ನಪ್ಪನ ರಟ್ಟೆ ಹಿಡಿದುಕೊಂಡರು.

“ನಿಂಗೆ ಈಜು ಬರ್ತದಲ್ವಾ?”

“ಇಲ್ಲಣ್ಣ. ನಾನು ಅಡುಗೆಯವ.”

“ಇಷ್ಟ್ ವರ್ಷ ಹಡಗಲ್ಲಿದ್ದು?”

“ಅಡುಗೆಮನೆಯಲ್ಲಿ ನೀರಿರದು ಕೊಡದಲ್ಲಿ.”

ಒಬ್ಬರನ್ನೊಬ್ಬರು ತಬ್ಬಿಕೊಂಡೇ ದಾಟಿದರು. ನಾನು ಎದುರಿಗೆ ಕೂತು ನಗು ತಡೆದುಕೊಂಡಿದ್ದೆ. ನಡುವೆ ದೋಣಿಯವ ಹುಟ್ಟು ನಿಲ್ಲಿಸಿ, ನಿಮ್ಮ ಕಣ ಇಲ್ಲೇ ಕೆಳಗಿರಬೇಕು ಎಂದ. ಕನ್ನಪ್ಪ ಕೈಯನ್ನು ನೀರಿಗೆ ಇಳಿಬಿಟ್ಟು ಹಾಗೆಯೇ ಇಟ್ಟುಕೊಂಡ. ನನ್ನ ನಗು ಎತ್ತಲೋ ಹೋಯಿತು.

ತಾಯಿ ಲಿಂಗಮ್ಮ ಮಗನನ್ನು ಕಂಡು ಅಳಲಿಲ್ಲ. ಹತ್ತಿರ ಬಂದು ಮುಖ ಮುಟ್ಟಿ ನೋಡಿ ಬೈದಳು: “ನೀನು ನೀರು ಹುಡ್ಕ್ಯಂಡು ಹೋದಿ. ನೀರು ನಮ್ ಮನೆಗೇ ಬಂತು. ಇಲ್ಲೇ ಇದ್ದಿದ್ರೆ ಸಾಕಾಗ್ತಿತ್ತಲ್ಲೋ.” ಅಷ್ಟು ಹೇಳಿ ಒಳಗೆ ಹೋಗಿ, ಒಲೆಯ ಮುಂದೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕನ್ನಪ್ಪ ಮತ್ತೆ ಹಡಗಿಗೆ ಹೋಗುವುದಿಲ್ಲ ಎಂದ. ಕೆಲವು ವಾರ ಕಳೆದು ಏಜೆಂಟರ ಫೋನು ಬಂತು, ಅಡುಗೆಯವನೆಲ್ಲಿ ಎಂದು. ಗುತ್ಯಪ್ಪನವರು ಫೋನು ಹಿಡಿದು ಕೂಗಿದರು: “ಎಂತ ಹೇಳದು ಸಾರ್, ಪೂರ್ತಿ ಮುಳುಗಿಹೋಯ್ತು! ಮನೆ, ಗದ್ದೆ, ಎಲ್ಲಾ ನೀರಲ್ಲಿ!” ಅತ್ತ ಕಡೆಯವರು ಮರುಗಿ, ಒಳ್ಳೆಯ ಹುಡುಗ, ಅವನ ಆತ್ಮಕ್ಕೆ ಶಾಂತಿ ಸಿಗಲಿ ಎಂದರು. “ಹೌದು ಸಾರ್, ಭಾಳ ಒಳ್ಳೆಯವ,” ಎಂದು ಗುತ್ಯಪ್ಪನವರು ಫೋನಿಟ್ಟರು. ನಾನು ಅವರ ಮುಖ ನೋಡಿದೆ. “ನಾನೆಂತ ಸುಳ್ಳು ಹೇಳ್ಲಿಲ್ಲಪ್ಪ,” ಎಂದು ಹೊರಟೇಹೋದರು. ತೀರಿಹೋದ ಕನ್ನಪ್ಪ ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಊಟದ ಅಂಗಡಿ ಹಾಕಿದ. ಗುತ್ಯಪ್ಪನವರ ಮಧ್ಯಾಹ್ನದ ಊಟ ದಿನವೂ ಅಲ್ಲೇ.

ಹಡಗುಗಳು ಕ್ರಮೇಣ ದೊಡ್ಡ ಬಂದರುಗಳ ಹಾದಿ ಹಿಡಿದವು. ವ್ಯಾನು ಜೋಗ ನೋಡಲು ಬಂದವರನ್ನು ಹೊತ್ತು ತಿರುಗತೊಡಗಿತು. ನನಗೆ ತೀರ್ಥಹಳ್ಳಿಗೆ ವರ್ಗವಾದಾಗ ನನ್ನ ಪಾತ್ರೆಪಗಡಿ ತಂದು ಇಳಿಸಿದವರು ಗುತ್ಯಪ್ಪನವರೇ. ಚಾ ಕುಡಿದು, ಮನೆಯ ಹೆಂಚು ನೋಡಿ, ಎರಡು ಒಡೆದಿವೆ, ಮಳೆಗಾಲಕ್ಕೆ ಮುಂಚೆ ಹಾಕಿಸಿ ಎಂದು ಹೇಳಿ ಹೋದರು. ಮತ್ತೆ ನೋಡಲಿಲ್ಲ.

ಒಂದು ಮಧ್ಯಾಹ್ನ ತೀರ್ಥಹಳ್ಳಿ ಎಕ್ಸ್‌ಚೇಂಜಿನ ಬೋರ್ಡಿಗೆ ಸಾಗರದಿಂದ ಕಾಲ್ ಬಂತು. ಮೇಳಿಗೆಯ ಅಕ್ಕಿ ಗಿರಣಿಗೆ ಕೊಡಿ, ಸರೋಜಳನ್ನು ಕರೆಸಿ ಎಂದಿತು ದನಿ. ಕನ್ನಪ್ಪನ ದನಿ. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಸರೋಜ ಗುತ್ಯಪ್ಪನವರ ಮಗಳು. ಅವಳನ್ನು ಮೇಳಿಗೆಗೆ ಮದುವೆ ಮಾಡಿ ಕೊಟ್ಟಿದ್ದರು. ಲೈನು ಸೇರಿಸಿದ ಮೇಲೆ ಆಪರೇಟರು ಕೇಳಬಾರದು. ಕೇಳಿದೆ.

“ಸರೋಜಾ, ಅಪ್ಪ ಹೋದ್ರು ಕಣೇ. ಊಟ ಮಾಡಿ ಬೆಂಚಿನ ಮೇಲೆ ಮಲಗಿದವ್ರು ಏಳ್ಲೇ ಇಲ್ಲ.”

ಅವಳು ಕೇಳಿದಳು: “ಹೊಟ್ಟೆ ತುಂಬಾ ಉಂಡಿದ್ನಾ?”

“ಉಂಡಿದ್ರು. ಎರಡು ಸಲ ಸಾರು ಹಾಕಿಸ್ಕ್ಯಂಡ್ರು.”

ಆಮೇಲೆ ಅಳು ಮಾತ್ರ ಕೇಳುತ್ತಿತ್ತು. ಒಂದು ಟ್ರಂಕ್ ಕಾಲಿಗಿದ್ದ ಮೂರು ನಿಮಿಷ ಮುಗಿಯಿತು. ಅದನ್ನು ನಡುವೆ ಬಾಯಿ ಹಾಕಿ ಹೇಳುವುದು ನನ್ನ ಕೆಲಸ. ಕಿವಿಯ ಮೇಲಿನ ಫೋನನ್ನು ತೆಗೆದು ಮೇಜಿನ ಮೇಲಿಟ್ಟು, ಲೈನನ್ನು ಹಾಗೆಯೇ ಬಿಟ್ಟೆ.