ಏಳು ಗಂಟೆಯ ಸೂಜಿ

ಇದು ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ನಡೆದದ್ದು. ಶ್ರಾವಣ ಎನ್ನುವುದು ಖಚಿತ, ಉಳಿದ ವಿವರಗಳ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ದಿನಚರಿ ಬರೆಯುವ ಅಭ್ಯಾಸವಿದ್ದರೂ ಆ ದಿನದ ಪುಟದಲ್ಲಿ ಮೂರೇ ಸಾಲುಗಳಿವೆ: ಬೆಳಿಗ್ಗೆ ಆಸ್ಪತ್ರೆ, ಸಂಜೆ ಮೊದಲ ಇಂಜೆಕ್ಷನ್, ಅತ್ತೆ ಬಂದಿದ್ದರು. ಮಿಕ್ಕಿದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ಎಷ್ಟೋ ಸಲ ಮನಸ್ಸಿನಲ್ಲಿ ಓಡಿಸಿ ನೋಡಿರುವುದರಿಂದ ಯಾವುದು ನಡೆದದ್ದು, ಯಾವುದು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನನಗೇ ಅನುಮಾನ. ಅತ್ತೆ ಅವತ್ತು ಹಸಿರು ಸೀರೆ ಉಟ್ಟಿದ್ದರು ಎಂದು ನನ್ನ ನೆನಪು. ಅವರ ಹತ್ತಿರ ಹಸಿರು ಸೀರೆಯೇ ಇಲ್ಲ ಎಂದು ನನ್ನ ಗಂಡ ಹೇಳುತ್ತಾರೆ.

ನಾನು ಯಲಹಂಕದ ಕಾಲೇಜೊಂದರಲ್ಲಿ ಲೈಬ್ರರಿಯನ್. ಗಂಡ ಮಂಜುನಾಥ ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದಾರೆ. ಅಟ್ಟೂರಿನಲ್ಲಿ ಮನೆ. ಆಗ ಮದುವೆಯಾಗಿ ಏಳನೇ ವರ್ಷ. ಮೊದಲ ಎರಡು ವರ್ಷ ನಾವೇ ಬೇಡವೆಂದಿದ್ದೆವು. ಆಮೇಲೆ ಬೇಕೆಂದಾಗ ಆಗಲಿಲ್ಲ. ಮಾತ್ರೆ, ಪಥ್ಯ, ಹರಕೆ ಎಲ್ಲ ಮುಗಿದ ಮೇಲೆ ಹೆಬ್ಬಾಳದ ಆಸ್ಪತ್ರೆಯೊಂದಕ್ಕೆ ಹೋಗಲು ಶುರು ಮಾಡಿದೆವು.

ಆ ಆಸ್ಪತ್ರೆಯ ಕಾಯುವ ಕೋಣೆಯನ್ನು ನಾನು ಮರೆಯಲಾರೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸದ್ದಿಲ್ಲದೆ ಓಡುವ ಟಿವಿಯನ್ನು ಎಲ್ಲರೂ ನೋಡುತ್ತಾರೆ. ಹೆಸರು ಕರೆದಾಗ ಎದ್ದು ಹೋಗುವವಳ ಬೆನ್ನನ್ನು ಮಾತ್ರ ನೋಡುತ್ತಾರೆ. ಒಮ್ಮೆ ನನ್ನ ಪಕ್ಕ ಕೂತಿದ್ದವಳು ಫೋನಿನಲ್ಲಿ, "ಬ್ಯಾಂಕಲ್ಲಿದೀನಿ ಅಮ್ಮಾ, ಕ್ಯೂ ತುಂಬಾ ಇದೆ" ಅಂದಳು. ಸ್ವಲ್ಪ ಹೊತ್ತಿಗೆ ನನ್ನ ಅಮ್ಮ ಫೋನ್ ಮಾಡಿದರು. ನಾನು ಕಾಲೇಜಿನಲ್ಲಿದ್ದೇನೆ ಅಂದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಚಿಕಿತ್ಸೆ ಹೀಗಿತ್ತು: ಮುಟ್ಟಾದ ಎರಡನೇ ದಿನದಿಂದ ದಿನವೂ ಸಂಜೆ ಒಂದೇ ಹೊತ್ತಿಗೆ ಹೊಟ್ಟೆಗೆ ಇಂಜೆಕ್ಷನ್. ಸುಮಾರು ಹತ್ತು ದಿನ. ನಮಗೆ ಏಳು ಗಂಟೆ ಎಂದು ಬರೆದುಕೊಟ್ಟಿದ್ದರು. ಪೆನ್ನಿನ ಹಾಗಿರುವ ಸಾಧನ, ಹಿಂದಿನ ಬಿರಡೆ ತಿರುಗಿಸಿ ಡೋಸಿನ ಅಂಕಿ ಇಟ್ಟುಕೊಂಡು ಒತ್ತಬೇಕು. ಪಾತ್ರೆ ತೊಳೆಯುವ ಹಳದಿ ಸ್ಪಂಜೊಂದನ್ನು ಮೇಜಿನ ಮೇಲಿಟ್ಟು ಅಲ್ಲಿನ ಸಿಸ್ಟರ್ ಕಲಿಸಿದರು. "ಹೀಗೆ ಹಿಡ್ಕೊಳ್ಳಿ, ನೇರ ಚುಚ್ಚಿ, ಹತ್ತು ಎಣ್ಸಿ, ಆಮೇಲೆ ತೆಗೀರಿ. ಸ್ಪಂಜು ಅಳಲ್ಲ, ನೀವೂ ಅಳ್ಬಾರ್ದು" ಅಂದರು. ಮಂಜುನಾಥ ಸ್ಪಂಜಿಗೆ ಬಹಳ ನಾಜೂಕಾಗಿ ಚುಚ್ಚಿದರು. ಅಳತೆಯ ಮನುಷ್ಯ. ನಾನು ಚುಚ್ಚಿದಾಗ ಸೂಜಿ ಬಾಗಿತು.

ಮನೆಯಲ್ಲಿ ಇಂಜೆಕ್ಷನ್ ಕೊಡುವುದು ಅವರ ಕೆಲಸವೆಂದೂ, ಯಾರಿಗೂ ಹೇಳುವುದು ಬೇಡವೆಂದೂ ಮಾತಾಯಿತು. ಸೂಜಿ ಎಂದರೆ ಹೆದರಿಕೆ ಎಂದು ಅವರಿಗೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ಶುರು ಮಾಡುವವರೆಗೆ "ಇನ್ನೂ ಅಲ್ಲೀವರೆಗೆ ಹೋಗಿಲ್ಲ" ಎನ್ನುವ ಮಾತು ನನ್ನ ಹತ್ತಿರ ಉಳಿದಿತ್ತು. ಶುರುವಾಗಿ, ಅದರಿಂದಲೂ ಆಗದಿದ್ದರೆ, ಹೇಳಿಕೊಳ್ಳಲು ಆ ಮಾತೂ ಇರುತ್ತಿರಲಿಲ್ಲ. ಆ ವಾರ ಲೈಬ್ರರಿಯಲ್ಲಿ ಒಂದೇ ಪುಸ್ತಕವನ್ನು ಮೂರು ಸಲ ಬೇರೆ ಬೇರೆ ಕಪಾಟಿಗೆ ಸೇರಿಸಿದ್ದೆ.

ಮೊದಲ ದಿನ ಮಂಜುನಾಥ ಬೆಳಗಿನ ಪಾಳಿಗೆ ಹೋಗಿದ್ದರು, ಐದಕ್ಕೆ ಬರಬೇಕಿತ್ತು. ನಾನು ಬೆಳಿಗ್ಗೆ ಒಬ್ಬಳೇ ಆಸ್ಪತ್ರೆಗೆ ಹೋಗಿ ತಂದ ಔಷಧಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನ ಮಧ್ಯದ ಅಂತಸ್ತಿನಲ್ಲಿ, ಹುಣಸೆಹಣ್ಣಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ನಾಲ್ಕು ಗಂಟೆಯೋ ನಾಲ್ಕೂವರೆಯೋ, ಬೆಲ್ ಆಯಿತು. ಬಾಗಿಲು ತೆಗೆದರೆ ಜಯಮ್ಮ ಅತ್ತೆ.

ಜಯಮ್ಮ ನನ್ನ ಗಂಡನ ಸೋದರತ್ತೆ. ನಾನೂ ಅತ್ತೆ ಎಂದೇ ಕರೆಯುತ್ತೇನೆ. ಅಮೃತಹಳ್ಳಿಯ ಹಳೇ ಊರಿನವರು. ಹೊಲವಿದ್ದ ಕಡೆ ಈಗ ಲೇಔಟು, ಮನೆಯ ಮೇಲೆ ಮೂರು ಅಂತಸ್ತು ಬಾಡಿಗೆಗೆ. ಸಕ್ಕರೆ ಕಾಯಿಲೆಯಿದ್ದ ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಸೊಪ್ಪು ಬೆಳೆದು, ಚೀಲದಲ್ಲಿ ತುಂಬಿಕೊಂಡು, ಹೇಳದೆ ಕೇಳದೆ ಬಸ್ಸು ಹತ್ತಿ ಬರುವುದು ಅವರ ಪದ್ಧತಿ.

"ಫೋನ್ ಮಾಡ್ಬಾರ್ದಾ ಅತ್ತೆ?"

"ಯಾಕೆ, ಫೋನ್ ಮಾಡಿದ್ರೆ ಮನೇಲಿಲ್ಲ ಅಂತ ಏಳೋಕಾ?" ಎಂದು ಒಳಗೆ ಬಂದರು.

ತಮ್ಮ ತಂಗಿಯ ಮೊಮ್ಮಗಳ ಸೀಮಂತ ಬರುವ ಭಾನುವಾರ, ದಾಸರಹಳ್ಳಿಯಲ್ಲಿ. ಅದನ್ನು ಹೇಳಲು ಬಂದಿದ್ದರು. ಅಷ್ಟರಲ್ಲಿ ಮಂಜುನಾಥರ ಫೋನ್ ಬಂತು. ನಾನು ಬಾಲ್ಕನಿಗೆ ಹೋಗಿ ಮಾತಾಡಿದೆ. ಮುಂದಿನ ಪಾಳಿಯವನು ಬಂದಿಲ್ಲ, ಲಾರಿ ಕಾಯುತ್ತಿದೆ, ಎಂಟೂವರೆಗೆ ಮುಂಚೆ ಬಿಡುವುದಿಲ್ಲ ಎಂದರು. "ನೀನೇ ಹಾಕ್ಕೋತೀಯಾ?" ಎಂದು ಕೇಳಿದರು. ಹಾಕಿಕೊಳ್ಳುತ್ತೇನೆ ಅಂದೆ. ಅತ್ತೆ ಬಂದಿರುವುದನ್ನೂ ಹೇಳಿದೆ. 

ವಾಪಸ್ಸು ಅಡುಗೆಮನೆಗೆ ಬಂದರೆ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದಿದೆ. ಸೊಪ್ಪಿಡಲು ಜಾಗ ಮಾಡುತ್ತೇನೆಂದು ಅತ್ತೆ ಎಲ್ಲವನ್ನೂ ಹೊರಗೆ ತೆಗೆದಿದ್ದಾರೆ. ಹಬ್ಬ ಹತ್ತಿರ ಬಂತು, ಮುಸುರೆ ಪಾತ್ರೆ ಯಾವುದು ಮಡಿಯದು ಯಾವುದು ಗೊತ್ತಾಗುವುದಿಲ್ಲವೆಂದು ಬಟ್ಟೆ ಹಿಡಿದು ಒಳಗೆಲ್ಲ ಒರೆಸುತ್ತಿದ್ದಾರೆ. ನನ್ನ ಕವರು ಬಿಚ್ಚಿಕೊಂಡು, ದಂಟಿನ ಸೊಪ್ಪಿನ ಪಕ್ಕ, ಕಿಟಕಿಯ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಬಿದ್ದಿದೆ.

"ಅದನ್ನ ಯಾಕೆ ತೆಗೆದ್ರಿ?" ಎಂದು ನಾನು ಕೂಗಿದೆನಂತೆ. ಅತ್ತೆ ಹಾಗೆಂದು ಹೇಳುತ್ತಾರೆ. ಮೆಲ್ಲಗೆ ಕೇಳಿದೆ ಎಂದು ನನ್ನ ನೆನಪು.

ಕೋಣೆಯ ಬಾಗಿಲು ಹಾಕಿಕೊಂಡು ಆಸ್ಪತ್ರೆಗೆ ಫೋನ್ ಮಾಡಿದೆ. ಅದೇ ಸಿಸ್ಟರ್ ಸಿಕ್ಕರು. ಔಷಧಿ ಇಪ್ಪತ್ತು ನಿಮಿಷ ಹೊರಗಿತ್ತು, ಹಾಳಾಯಿತು ಎಂದು ಅಳುತ್ತಾ ಹೇಳಿದೆ. ಬಿಸಿಲು ಎಷ್ಟಿತ್ತು, ಪೆಟ್ಟಿಗೆ ಬಿಸಿಯಾಗಿದೆಯಾ ಎಂದು ವಿಚಾರಿಸಿದರು. ಇಲ್ಲವೆಂದೆ. "ಏನೂ ಆಗಿಲ್ಲ ಮೇಡಂ. ತಣ್ಣಗಿದ್ರೆ ಜಾಸ್ತಿ ಉರಿಯತ್ತೆ, ನಾವೇ ಸ್ವಲ್ಪ ಮುಂಚೆ ಹೊರಗಿಡಿ ಅಂತೀವಿ. ಹೇಳಿದ್ದೆನಲ್ಲ?" ಅಂದರು. ಹೇಳಿದ್ದರೋ ಏನೋ. ಆ ದಿನ ನನಗೆ ಸ್ಪಂಜಿನ ಬಣ್ಣ ಬಿಟ್ಟು ಬೇರೇನೂ ತಲೆಗೆ ಹೋಗಿರಲಿಲ್ಲ.

ಹೊರಗೆ ಬಂದಾಗ ಅತ್ತೆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಊಟದ ಮೇಜಿನ ಹತ್ತಿರ ಕೂತಿದ್ದರು.

"ನಿಂಗೂ ಸಕ್ರೆ ಕಾಯ್ಲೆನಾ?"

ಇದಕ್ಕಿಂತ ಸುಲಭವಾದ ದಾರಿ ಇರಲಿಲ್ಲ. "ಹೂಂ ಅತ್ತೆ, ಸ್ವಲ್ಪ ಇದೆ" ಅಂದೆ.

"ಈ ವಯಸ್ಸಿಗೇ. ಕಂಪ್ಯೂಟರ್ ಮುಂದೆ ಕುಂತು ಕುಂತು ಇಂಗಾಗೋದು" ಎಂದರು. ಎದ್ದು ಹೋಗಿ ಕಾಫಿ ಮಾಡಿದರು. ತಮ್ಮ ಲೋಟಕ್ಕೆ ಎರಡು ಚಮಚ ಸಕ್ಕರೆ, ನನಗೆ ಒಂದು ಹರಳೂ ಇಲ್ಲ. ಆ ಕಹಿ ಕಾಫಿಯನ್ನು ನಾನು ಪೂರ್ತಿ ಕುಡಿದೆ.

ಅತ್ತೆ ಆರಕ್ಕೆ ಹೊರಡುತ್ತಾರೆಂದು ಕಾದೆ. ಹೊರಡಲಿಲ್ಲ. ಆರೂಮುಕ್ಕಾಲಿಗೆ ಮಲಗುವ ಕೋಣೆಗೆ ಹೋಗಿ ಪೆನ್ನಿಗೆ ಸೂಜಿ ಸಿಕ್ಕಿಸಿದೆ. ಅಂಕಿ ಇಟ್ಟೆ. ಸ್ಪಿರಿಟ್ ಹಚ್ಚಿದ ಜಾಗ ಒಣಗಿತು, ಮತ್ತೆ ಹಚ್ಚಿದೆ.  ಸೂಜಿಯನ್ನು ಚರ್ಮದ ಹತ್ತಿರ ತಂದು ವಾಪಸ್ಸು ತೆಗೆದೆ. ಗಡಿಯಾರ ನೋಡಿದೆ. ಏಳಕ್ಕೆ ಐದು ನಿಮಿಷ. ಐದು ನಿಮಿಷ ಹೆಚ್ಚುಕಡಿಮೆಯಾದರೆ ಏನೂ ಆಗುವುದಿಲ್ಲವೆಂದು ಈಗ ಗೊತ್ತು. ಅವತ್ತು ಏಳು ಗಂಟೆ ದಾಟಿದರೆ ಆ ಮಗು ಇನ್ನು ಬರುವುದೇ ಇಲ್ಲ ಎಂದು ಅನ್ನಿಸಿತ್ತು. ಯಾವ ಮಗು? ಅದನ್ನು ಕೇಳಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

ಬಾಗಿಲು ತಟ್ಟಿ ಅತ್ತೆ ಒಳಗೆ ಬಂದರು. ನಾನು ಮುಚ್ಚಿಟ್ಟುಕೊಳ್ಳಲಿಲ್ಲ.

"ಕೊಡಿಲ್ಲಿ" ಅಂದರು. "ನಿಮ್ಮ ಮಾವಂಗೆ ಅನ್ನೊಂದು ವರ್ಷ ಆಕಿದೀನಿ, ದಿನಾ ಎರಡೊತ್ತು. ಆಗ ಇಂಗೆ ಪೆನ್ನೂ ಇರ್ಲಿಲ್ಲ, ಏನೂ ಇರ್ಲಿಲ್ಲ. ನಂಬರ್ ಸರಿಗಿದ್ಯಾ ನೀನೇ ನೋಡ್ಬಿಡು, ನಂಗೆ ಕಣ್ಣು ಕಾಣಲ್ಲ. ಚುಚ್ಚೋದು ನಂಗೆ ಬಿಡು."

ಕೈ ಸೋಪಿನಲ್ಲಿ ತೊಳೆದುಕೊಂಡು ಬಂದರು. ಮಂಚದ ಮೇಲೆ ಕೂರಿಸಿದರು. ಹೊಕ್ಕುಳಿನಿಂದ ಎರಡು ಬೆರಳಗಲ ಬಿಟ್ಟು ಚರ್ಮ ಹಿಡಿದರು. ಸಿಸ್ಟರ್ ಹೇಳಿಕೊಟ್ಟದ್ದೂ ಅದೇ. ಸೊಪ್ಪು ಕಿತ್ತ ಬೆರಳುಗಳು ಒರಟಾಗಿ, ಬೆಚ್ಚಗಿದ್ದವು.

"ಎದ್ರುಕೋಬ್ಯಾಡ. ಉಸ್ರು ಇಡ್ಕೊಂಡ್ರೆ ನೋವು ಜಾಸ್ತಿ. ಬಿಡು. ಇನ್ನೂ ಬಿಡು. ನಿಮ್ಮ ಮಾವ ಇಂಗೇ, ಬಾಣಲೆ ಅಂಗೆ ಮಕ ಮಾಡ್ಕೊಂಡು ಕೂರೋರು."

ನನಗೆ ನಗು ಬಂತು. ನಗುವಿನಲ್ಲೇ ಸೂಜಿ ಒಳಗೆ ಹೋಗಿತ್ತು. ಹತ್ತು ಎಣಿಸಬೇಕು ಅಂದೆ. ಅತ್ತೆ ಗಟ್ಟಿಯಾಗಿ ಎಣಿಸಿದರು. ಹತ್ತಾದ ಮೇಲೂ ಒಂದು ಎಣಿಸಿ ತೆಗೆದರು.

ಆಮೇಲೆ ಕೈ ಹಿಡಿದು ಎಬ್ಬಿಸಿ ಊಟಕ್ಕೆ ಕೂರಿಸಿದರು. ಸೂಜಿ ಹಾಕಿದ ಮೇಲೆ ತಕ್ಷಣ ಉಣ್ಣದಿದ್ದರೆ ಸಕ್ಕರೆ ಇಳಿದು ತಲೆ ಸುತ್ತುತ್ತದೆ ಎನ್ನುವುದು ಅವರ ಹನ್ನೊಂದು ವರ್ಷದ ಶಿಸ್ತು. ಮುದ್ದೆ, ದಂಟಿನ ಸೊಪ್ಪಿನ ಸಾರು. ಈ ಔಷಧಿಗೆ ಹಾಗೇನೂ ಇಲ್ಲ ಎಂದು ಹೇಳಲು ಸಾಧ್ಯವಿರಲಿಲ್ಲ. ಉಂಡೆ. ನಾಲ್ಕು ದಿನಗಳಿಂದ ಸರಿಯಾಗಿ ಉಂಡಿರಲಿಲ್ಲ ಎಂದು ಅರ್ಧ ಮುದ್ದೆ ಮುಗಿದಾಗ ಗೊತ್ತಾಯಿತು. ಕಣ್ಣೀರು ಬರುತ್ತಿತ್ತು, ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದೆ.

ಅತ್ತೆ ಸಾರು ಬಡಿಸುತ್ತಾ, "ಸಕ್ರೆ ಕಾಯ್ಲೆಗೆ ಯಾರೂ ಇಷ್ಟೊಂದು ಅಳಲ್ಲ ಕಣಮ್ಮ" ಅಂದರು.

ನಾನು ಇನ್ನೊಂದು ತುತ್ತು ಮುರಿದೆ.

"ಎಷ್ಟು ದಿನ ಆಕ್ಬೇಕು?"

"ಹತ್ತು ದಿನ ಆಗ್ಬಹುದು ಅತ್ತೆ."

"ಸರಿ. ದಿನಾ ಆರೂಕಾಲಿಗೆಲ್ಲ ಬಸ್ಸಲ್ಲಿ ಬಂದ್ಬಿಡ್ತೀನಿ. ಮಂಜಂಗೂ ಏಳ್ಬಿಡು, ಅವ್ನು ಪಾಳಿ ಬಿಟ್ಟು ಓಡ್ಬರೋದು ಬ್ಯಾಡ."

ಮತ್ತೇನೂ ಕೇಳಲಿಲ್ಲ. ಯಾವ ಆಸ್ಪತ್ರೆ, ಯಾರಲ್ಲಿ ದೋಷ, ಯಾವ ದೇವರಿಗೆ ಹೇಳಿಕೊಂಡಿದ್ದೀರಿ, ಏನೂ ಇಲ್ಲ. ಅಷ್ಟೂ ದಿನ ಬಂದರು. ಸೂಜಿ ಹಾಕುವಾಗ ಬಾಡಿಗೆದಾರರ ಜಗಳ, ನೀರಿನ ಟ್ಯಾಂಕರಿನವನ ಸುಳ್ಳು, ಏನಾದರೊಂದು ಹೇಳುತ್ತಿದ್ದರು. ಆತಂಕ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಮೂರರಿಂದಲೇ ಗಡಿಯಾರ ನೋಡಲು ಶುರು ಮಾಡುತ್ತಿದ್ದೆ. ಆದರೆ ಆರೂಕಾಲಿನ ಹೊತ್ತಿಗೆ ಬಾಗಿಲ ಕಡೆ ಕಿವಿ ಇಟ್ಟಿರುತ್ತಿದ್ದೆನಲ್ಲ, ಅಷ್ಟು ಹೊತ್ತು ಬೇರೆ ಏನನ್ನೂ ಯೋಚಿಸುತ್ತಿರಲಿಲ್ಲ.

ನಡುವೆ ಆ ಭಾನುವಾರ ದಾಸರಹಳ್ಳಿಯ ಸೀಮಂತಕ್ಕೆ ಹೋದೆವು. ಬಸುರಿಗೆ ಹಸಿರು ಬಳೆ ತೊಡಿಸಿ, ಮುತ್ತೈದೆಯರು ಸಾಲಾಗಿ ಬಂದು ಮಡಿಲು ತುಂಬಿ ಆರತಿ ಎತ್ತುತ್ತಿದ್ದರು. ಹುಡುಗಿಯ ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, "ಫೋಟೋ ನೀನೇ ತೆಗೀಬೇಕು ಕಣೇ, ನಿನ್ನಷ್ಟು ಚೆನ್ನಾಗಿ ಯಾರೂ ತೆಗೆಯಲ್ಲ" ಎಂದರು. ನಮ್ಮ ಬಳಗದ ಎಲ್ಲ ಸೀಮಂತ, ನಾಮಕರಣಗಳಲ್ಲೂ ಫೋಟೋ ನನ್ನ ಕೆಲಸ. ನಾನು ನಿಜವಾಗಿ ಚೆನ್ನಾಗಿ ತೆಗೆಯುತ್ತೇನೆಂದು ಎಷ್ಟೋ ವರ್ಷ ನಂಬಿದ್ದೆ. ಫೋಟೋ ತೆಗೆಯುವವಳು ಆರತಿಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅವಳನ್ನು ಕರೆಯಲಿಲ್ಲ ಎಂಬ ಮಾತೂ ಬರುವುದಿಲ್ಲ. ಯಾರೂ ಕೆಟ್ಟವರಲ್ಲ, ನನಗೆ ನೋವಾಗಬಾರದೆಂದೇ ಕೊಟ್ಟ ಕೆಲಸ ಅದು.

ಅವತ್ತು ಊಟದ ಎಲೆಗಳ ಫೋಟೋಗೆಂದು ಹಿಂದೆ ಹೋದಾಗ ಉಗ್ರಾಣದ ಬಾಗಿಲಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೊಂಟದಲ್ಲಿ ಬೀಗದ ಕೈ. ಯಾರು ಎಷ್ಟು ತುಪ್ಪ, ಎಷ್ಟು ಸಕ್ಕರೆ ತೆಗೆದುಕೊಂಡು ಹೋಗುತ್ತಾರೆ ನೋಡುತ್ತಿದ್ದರು. ಗಂಡ ಇಲ್ಲದವರಾದ್ದರಿಂದ ಹೀಗೆ ಎಂದುಕೊಂಡೆ. ಪಕ್ಕದಲ್ಲಿ ಎಲೆ ಒರೆಸುತ್ತಿದ್ದ ವಯಸ್ಸಾದವರೊಬ್ಬರು, "ಜಯಮ್ಮ ಮದುವೆಯಾಗಿ ನಾಕೈದು ವರ್ಷ ಆದಾಗಿಂದಲೂ ಉಗ್ರಾಣ ಅವಳ್ದೇ. ಅವಳಷ್ಟು ಜೋಪಾನ ಯಾರಿಗೂ ಬರಲ್ಲ" ಅಂದರು. ಅಂದರೆ ಗಂಡ ಬದುಕಿದ್ದಾಗಿನಿಂದಲೂ. ಅತ್ತೆ ಆ ಮಾತು ಕೇಳಿಸಿದರೂ ಕೇಳಿಸದವರಂತೆ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ನಾನು ಎಲೆಗಳ ಫೋಟೋ ತೆಗೆಯದೆ ವಾಪಸ್ಸು ಬಂದೆ.

ಇಂಜೆಕ್ಷನ್ ಮುಗಿದು ಆಸ್ಪತ್ರೆಯ ಉಳಿದ ಹಂತಗಳೂ ಮುಗಿದವು, ಆದರೆ ಆ ಸಲ ನಮಗೆ ಆಗಲಿಲ್ಲ. ರಕ್ತ ಪರೀಕ್ಷೆಯ ಫಲಿತಾಂಶ ಫೋನಿಗೆ ಬಂದಾಗ ನಾನು ಲೈಬ್ರರಿಯಲ್ಲಿದ್ದೆ. ಮಂಜುನಾಥರಿಗೆ ಹೇಳಿದೆ. ಅತ್ತೆಗೆ ಹೇಳಲು ಎರಡು ದಿನ ಬೇಕಾಯಿತು. ಫೋನಿನಲ್ಲಿ ಹೇಳಲಾರದೆ ಶನಿವಾರ ಮಧ್ಯಾಹ್ನ ನಾನೇ ಅಮೃತಹಳ್ಳಿಗೆ ಹೋದೆ. ಅವರು ಸೈಟಿನಲ್ಲಿ ಸೊಪ್ಪಿನ ಮಡಿಗೆ ನೀರು ಬಿಡುತ್ತಿದ್ದರು. ಮುಖ ನೋಡಿದ ಕೂಡಲೇ ಗೊತ್ತಾಯಿತೋ ಏನೋ, ಪೈಪನ್ನು ಕೆಳಗೆ ಹಾಕಿ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಸಮಾಧಾನದ ಮಾತು ಹೇಳಲಿಲ್ಲ. ಮುಂದಿನ ಸಲ ಆಗುತ್ತದೆ ಎಂದೂ ಹೇಳಲಿಲ್ಲ. ನೀರು ಮಡಿ ದಾಟಿ ರಸ್ತೆಗೆ ಹರಿಯುತ್ತಿತ್ತು. ಇಬ್ಬರೂ ಎದ್ದು ನಲ್ಲಿ ನಿಲ್ಲಿಸಲಿಲ್ಲ.

ಎದುರು ಮನೆಯ ಎರಡನೇ ಮಹಡಿಯಲ್ಲಿ ಯಾರೋ ಮಗುವಿಗೆ ಸ್ನಾನ ಮಾಡಿಸುತ್ತಿದ್ದರು. ಅದು ಅಳುವುದು, ನೀರು ಹುಯ್ಯುವ ಸದ್ದು, ಮತ್ತೆ ಅಳುವುದು ಕೇಳುತ್ತಿತ್ತು. ಅತ್ತೆ ಆ ಕಡೆ ನೋಡಿದರು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಅಳು ನಿಂತ ಮೇಲೂ ಆ ಕಿಟಕಿಯನ್ನೇ ನೋಡುತ್ತಿದ್ದರು.

ಆಗ ಕೇಳಿದೆ. ಈ ಒಂದು ಮಾತು ಮಾತ್ರ ನನಗೆ ಅಕ್ಷರ ಬಿಡದೆ ನೆನಪಿದೆ. "ಅತ್ತೆ, ಬೇಕು ಅನ್ನೋದು ಯಾವಾಗ ನಿಲ್ಲತ್ತೆ?"

ಅತ್ತೆ ನನ್ನ ಕೈಯನ್ನು ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಇದಾಗಿ ಎರಡು ವರ್ಷವಾಯಿತು. ಮುಂದಿನ ತಿಂಗಳು ನಮ್ಮ ಚಿಕಿತ್ಸೆ ಎರಡನೇ ಸಲ ಶುರುವಾಗುತ್ತದೆ, ಆರೂಕಾಲಿಗೆ ಬರುತ್ತೇನೆಂದು ಮೊನ್ನೆ ಫೋನ್ ಮಾಡಿದ್ದರು. ನನ್ನ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.