ತಿಳವಳ್ಳಿಯ ಹೊಲದಲ್ಲಿ ಎತ್ತುಗಳು ನಿಂತ ಹೊತ್ತು

ಹದಿನೆಂಟು ವರ್ಷಗಳಿಂದ ವಿಮಾನ ರಿಪೇರಿಯ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಬಿಗಿದ ಪ್ರತಿ ಸ್ಕ್ರೂಗೂ ಯಾರದೋ ಒಂದು ಸಹಿ ಇರುತ್ತದೆ. ಕಣ್ಣಿಗೆ ಕಂಡಿದ್ದನ್ನು, ಕೈಯಿಂದ ಮುಟ್ಟಿ ನೋಡಿದ್ದನ್ನು ಮಾತ್ರ ನಂಬಬೇಕೆಂದು ಕಲಿತವನು ನಾನು. ಶಕುನ, ಸೂಚನೆ ಅಂತ ಯಾರಾದರೂ ಮಾತು ತೆಗೆದರೆ ನಕ್ಕು ಎದ್ದುಹೋಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ರಜೆಯ ಮೇಲೆ ತಿಳವಳ್ಳಿಗೆ, ನನ್ನ ಸೋದರಮಾವ ನಾಗಪ್ಪನ ಮನೆಗೆ ಹೋಗಿದ್ದೆ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಮಾವ ಎರಡು ಎತ್ತು ಕಟ್ಟಿ ಗೋವಿನಜೋಳದ ಸಾಲುಗಳ ನಡುವೆ ಕುಂಟೆ ಹೊಡೆಯುತ್ತಿದ್ದ. ಅದೇ ಸಾಲಿನಲ್ಲಿ ಸ್ವಲ್ಪ ಮುಂದೆ ನೀಲವ್ವತ್ತೆ ಕೂತು ಕಳೆ ಕೀಳುತ್ತಿದ್ದಳು. ನಾನು ಬದುವಿನ ಬೇವಿನ ಮರದ ಕೆಳಗಿದ್ದೆ.

ನಡೆಯುತ್ತಿದ್ದ ಎತ್ತುಗಳು ಇದ್ದಕ್ಕಿದ್ದಂತೆ ನಿಂತುಬಿಟ್ಟವು. ಮಾವ ಗದರಿಸಿದ, ಬಾರುಕೋಲು ಎತ್ತಿದ. ಅವು ಕದಲಲಿಲ್ಲ. ಕಿವಿ ನಿಗುರಿಸಿಕೊಂಡು, ಮುಂದಿನ ನೆಲವನ್ನೇ ನೋಡುತ್ತ ನಿಂತಿದ್ದವು. ಮೈಚರ್ಮ ಅದುರುತ್ತಿತ್ತು.

"ಹಾವು ಗೀವು ಐತೇನು ನೋಡು ಮಾವ," ಎಂದೆ.

"ಏನೂ ಇಲ್ಲೋ ತಮ್ಮಾ. ಯಾಕೋ ಒಲ್ಲೆ ಅಂತಾವ. ನಾಕು ವರ್ಷದಾಗ ಹಿಂಗ ಒಂದಿನಾನೂ ಮಾಡಿಲ್ಲ."

ನನ್ನ ಮಗಳಿಗೆ ತೋರಿಸಿದರೆ ನಗುತ್ತಾಳೆಂದು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಕೊನೆಗೆ ಮಾವ ಸೋತು ಎತ್ತುಗಳನ್ನು ನೊಗದಿಂದ ಬಿಚ್ಚಿದ. ಹಿಂದಕ್ಕೆ ತಿರುಗಿಸಿದ ಕೂಡಲೇ ಎರಡೂ ಸುಮ್ಮನೆ ಅವನ ಜೊತೆ ಮರದ ಹತ್ತಿರ ಬಂದವು. "ಬಾರಾ ನೀಲವ್ವ, ಉಂಡು ಆಮ್ಯಾಲೆ ನೋಡೂಣು," ಎಂದು ಅತ್ತೆಯನ್ನೂ ಕರೆದ. ನಾವು ರೊಟ್ಟಿ ಬಿಚ್ಚಿಕೊಂಡು ಕೂತೆವು. ಎತ್ತುಗಳ ಮುಂದೆ ಮೇವು ಹಾಕಿದರೆ ಮೂಸಿಯೂ ನೋಡಲಿಲ್ಲ. ಆ ಸಾಲಿನ ಕಡೆಗೇ ಮುಖ ಮಾಡಿ ನಿಂತವು.

ಊಟ ಮುಗಿದು ಎಷ್ಟೋ ಹೊತ್ತಾಗಿತ್ತು. ಮೇಲೆ ವಿಮಾನದ ಸದ್ದು ಕೇಳಿ ಅಭ್ಯಾಸದಂತೆ ತಲೆ ಎತ್ತಿದೆ. ಅದು ದೂರ ಹೋದ ಮೇಲೆ ಆಕಾಶದಲ್ಲಿ ಏನೋ ಮಿಂಚಿತು, ಮರೆಯಾಯಿತು, ಮತ್ತೆ ಮಿಂಚಿತು. ಹೊರಳುತ್ತ ಹೊರಳುತ್ತ ಕೆಳಗೆ ಬರುತ್ತಿತ್ತು. ನೆಲ ಮುಟ್ಟುವ ಮೊದಲೇ ಅದೇನೆಂದು ನನಗೆ ಗೊತ್ತಾಗಿತ್ತು. ವಿಮಾನದ ಹೊರಮೈಗೆ ಹಾಕುವ, ಮೊರದಷ್ಟು ಅಗಲದ ಲೋಹದ ಮುಚ್ಚಳ, ಅತ್ತೆ ಕೂತು ಕಳೆ ಕೀಳುತ್ತಿದ್ದ ಜಾಗದಲ್ಲೇ ಅರ್ಧ ಹುಗಿದುಕೊಂಡು ನಿಂತಿತು.

ಅತ್ತೆ ಕಿರುಚಿದಳು. ಪಕ್ಕದ ಹೊಲದವರು ಓಡಿ ಬಂದರು. ಎತ್ತುಗಳು ಮಾತ್ರ ಒಮ್ಮೆ ಕಿವಿ ಬಡಿದು, ತಲೆ ತಗ್ಗಿಸಿ ಮೇವು ತಿನ್ನತೊಡಗಿದವು.

ನಾನು ಮಣ್ಣು ಒರೆಸಿ ಮುಚ್ಚಳದ ಅಂಚು ನೋಡಿದೆ. ಸ್ಕ್ರೂ ಹಾಕುವ ತೂತುಗಳಲ್ಲಿ ಎರಡಷ್ಟೇ ಹರಿದಿದ್ದವು, ಉಳಿದವೆಲ್ಲ ನುಣ್ಣಗಿದ್ದವು. ಅಂದರೆ ಉಳಿದ ಸ್ಕ್ರೂಗಳನ್ನು ಯಾರೂ ಬಿಗಿದಿರಲೇ ಇಲ್ಲ. ವಿಮಾನ ಇನ್ನೂ ಮೇಲಿತ್ತು, ಒಳಗೆ ಜನರಿದ್ದರು. ನನಗೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ, ಮುಚ್ಚಳದ ಮೇಲಿನ ನಂಬರು ಓದಿ ಹೇಳಿದೆ. ಮುಕ್ಕಾಲು ಗಂಟೆಯ ನಂತರ, ಕ್ಷೇಮವಾಗಿ ಇಳಿಯಿತೆಂದು ಸುದ್ದಿ ಬಂತು. ಅಲ್ಲೇ ಬದುವಿನ ಮೇಲೆ ಕುಸಿದು ಕೂತೆ. ಅತ್ತೆ ಬಂದು ನನ್ನ ಬೆನ್ನು ಸವರಿದಳು. ಬದುಕಿ ಉಳಿದವಳು ಅವಳು, ಸಮಾಧಾನ ಮಾಡಿಸಿಕೊಂಡವನು ನಾನು.

ಇಷ್ಟಾಗಿದ್ದರೆ, ಎತ್ತುಗಳಿಗೆ ನಮಗೆ ಕೇಳದ ಸದ್ದು ಕೇಳಿರಬೇಕೆಂದು ಸುಮ್ಮನಾಗುತ್ತಿದ್ದೆ. ಆದರೆ ಆ ಮುಚ್ಚಳ ಹಾಕಿದವನು ಬೇರೆ ಊರಿನ ವಿಮಾನ ನಿಲ್ದಾಣದಲ್ಲಿದ್ದ ರವಿ. ನನ್ನ ಜೊತೆಯಲ್ಲೇ ಕೆಲಸ ಕಲಿತವನು. ವಿಚಾರಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಎರಡು ಸ್ಕ್ರೂ ಹಾಕುವಷ್ಟರಲ್ಲಿ ಮನೆಯಿಂದ ಫೋನ್ ಬಂತಂತೆ. ಮಾತಾಡಿ ತಿರುಗಿ ಬಂದವನು, ಎಲ್ಲವನ್ನೂ ಹಾಕಿದ್ದೇನೆಂದುಕೊಂಡು ಸಹಿ ಮಾಡಿದನಂತೆ. ಫೋನ್ ಬಂದದ್ದು ಅದೇ ದಿನ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ.

ನನ್ನ ವಿಡಿಯೊದ ಮೇಲಿದ್ದ ಸಮಯವೂ ಒಂದು ಹತ್ತು. ಎತ್ತುಗಳು ನಿಂತಾಗ ವಿಮಾನ ಇನ್ನೂ ನೆಲದ ಮೇಲಿತ್ತು.

ಇದನ್ನು ರವಿಗೆ ಹೇಳಿದೆ. ಮರುವಾರ ಅವನು ತಾನಾಗಿಯೇ ನನ್ನ ಜೊತೆ ತಿಳವಳ್ಳಿಗೆ ಬಂದ. ಅತ್ತೆಯ ಕಾಲು ಮುಟ್ಟಲು ಹೋದರೆ ಅವಳು ಹಿಂದೆ ಸರಿದು, "ಏ, ಬ್ಯಾಡ್ರಿ! ಮೊದಲು ಕುಂಡ್ರಿ, ಉಣ್ರಿ," ಎಂದಳು. ಅವನು ಉಣ್ಣಲಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತಿನ ಕೊರಳಿನ ಮೇಲೆ ಕೈಯಿಟ್ಟು ನಿಂತ.

ಮಾವ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ: "ನೀವು ಮರ್ತದ್ದು ನಿಮಗ ಗೊತ್ತಿರಲಿಲ್ಲ. ಇವಕ್ಕ ಹ್ಯಾಂಗ ಗೊತ್ತಾತ್ರಿ?"

ರವಿ ನನ್ನ ಮುಖ ನೋಡಿದ. ನಾನು ಎತ್ತುಗಳ ಮುಖ ನೋಡಿದೆ.