ಕೂಳೂರಿನ ಅರ್ಧ ಬಾಟಲಿ ಮಣ್ಣು

ಕೊಡಿಯಾಲ್‌ಬೈಲಿನಿಂದ ಕೂಳೂರಿಗೆ ಏಳೆಂಟು ಕಿಲೋಮೀಟರ್. ಇದೂ ಒಂದು ಪ್ರವಾಸವೇ ಎಂದು ನಗುವವರು ನಗಲಿ. ಆ ಕಡೆ ಹೋಗದೆ ನನಗೆ ಹನ್ನೊಂದು ವರ್ಷವಾಗಿತ್ತು. ಸೇತುವೆಯ ಬಳಿ, ಹೊಳೆ ಬದಿಯ ಅಂಗಳದಲ್ಲಿ ನನ್ನ ಅಪ್ಪ ಮೂವತ್ತು ವರ್ಷ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡಿದವರು. ಅವರು ತೀರಿಕೊಂಡ ಮೇಲೆ ಹೋಗುವ ಮನಸ್ಸಾಗಿರಲಿಲ್ಲ.

ಮೊನ್ನೆ ಅಮ್ಮ ಚಾ ಕುಡಿಯುತ್ತಾ ಹೇಳಿದರು: "ಅವರ ಮುಖ ಫೋಟೋದಲ್ಲಿ ಉಂಟು, ಸ್ವರ ಮೊಬೈಲಿನಲ್ಲಿ ಉಂಟು. ಆ ಡೀಸೆಲ್ ವಾಸನೆ ಮಾತ್ರ ಮರೆತು ಹೋಗ್ತಾ ಉಂಟು ಮಗಾ." ಅದೇ ವಾಸನೆಗೆ ಅಪ್ಪನನ್ನು ದಿನಾ ಬಾಗಿಲಲ್ಲಿ ತಡೆಯುತ್ತಿದ್ದವರು ಇವರು. ಮರುದಿನವೇ ಖಾಲಿ ಜಾಮ್ ಬಾಟಲಿ ಹಿಡಿದು ಹೊರಟೆ. ಆ ಅಂಗಳದ ಮಣ್ಣು ಡೀಸೆಲ್ ಕುಡಿದು ಕಪ್ಪಾಗಿತ್ತು, ಸ್ವಲ್ಪ ತಂದರಾಯಿತು ಎಂಬ ಲೆಕ್ಕ.

ಬಸ್ಸಿಗೆ ಇಪ್ಪತ್ತು ರೂಪಾಯಿ. ಕೊಟ್ಟಾರದಲ್ಲಿ ಅರ್ಧ ಗಂಟೆ ಬ್ಲಾಕ್. ಸೆಕೆಗೆ ಸೀರೆ ಬೆನ್ನಿಗೆ ಅಂಟಿತು.

ಅಂಗಳದಲ್ಲಿ ಒಂದೂ ಬೋಟು ಇರಲಿಲ್ಲ. ಅಗೆದ ಮಣ್ಣಿಗೆ ಒಬ್ಬ ಹುಡುಗಿ ಡ್ರಮ್ಮಿನಿಂದ ಏನೋ ಚಿಮುಕಿಸುತ್ತಿದ್ದಳು. ಹೆಸರು ಲವೀನಾ, ಮಣ್ಣಿನ ವಿಜ್ಞಾನಿಯಂತೆ.

"ಎಂತ ಬೇಕಿತ್ತು ಅಕ್ಕ?"

ಹೇಳಿದೆ. ಅವಳ ಮುಖ ಸಣ್ಣದಾಯಿತು. "ಈ ಡ್ರಮ್ಮಿನಲ್ಲಿ ಬ್ಯಾಕ್ಟೀರಿಯಾ ಉಂಟು. ಬೆಲ್ಲದ ನೀರು ಕೊಟ್ಟು ಬೆಳೆಸ್ತೇವೆ. ಡೀಸೆಲ್ ಅಂದ್ರೆ ಅವಕ್ಕೆ ಊಟ. ಆರು ತಿಂಗಳಲ್ಲಿ ಹೆಚ್ಚಿನದ್ದನ್ನೆಲ್ಲ ತಿಂದು ಮುಗಿಸಿವೆ."

ಒಂದು ಹಿಡಿ ಎತ್ತಿ ಮೂಸಿದೆ. ಹೊಸ ಮಳೆಯ ಪರಿಮಳ, ಬೆಂಡೆ ಬೀಜ ಹಾಕಬಹುದಾದ ಮಣ್ಣು. ಒಳ್ಳೆಯ ಕೆಲಸವೇ, ಸುಳ್ಳು ಹೇಳಬಾರದು. ಆದರೂ ನನಗೆ ಸಿಟ್ಟು ಬಂತು. ಕಣ್ಣಿಗೆ ಕಾಣದ ಹುಳಕ್ಕೂ ನನ್ನ ಅಪ್ಪನದ್ದೇ ಬೇಕಿತ್ತೇ? ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ.

ಲವೀನಾ ನೀರು ಕೊಟ್ಟಳು. ಸ್ವಲ್ಪ ಹೊತ್ತು ಬಿಟ್ಟು, "ಬನ್ನಿ ಅಕ್ಕ" ಎಂದು ಮೂಲೆಗೆ ಕರೆದೊಯ್ದಳು. ಹಗ್ಗ ಕಟ್ಟಿದ ಒಂದು ಚೌಕ, ಒಳಗೆ ಕಪ್ಪು ಮಣ್ಣು. "ಇದಕ್ಕೆ ಮದ್ದು ಹಾಕ್ಲಿಲ್ಲ. ಉಳಿದದ್ದರ ಜೊತೆ ಹೋಲಿಸಿ ನೋಡ್ಲಿಕ್ಕೆ ಹಾಗೇ ಬಿಟ್ಟದ್ದು. ನಾಡಿದ್ದು ಇದಕ್ಕೂ ಹಾಕ್ತೇವೆ." ಬಗ್ಗಿ ಮೂಸಿದೆ. ಅಪ್ಪನ ಅಂಗಿ, ಅಪ್ಪನ ಕೈ, ಎಲ್ಲ ಅಲ್ಲಿತ್ತು. ಅವಳೇ ಅರ್ಧ ಬಾಟಲಿ ತುಂಬಿಸಿಕೊಟ್ಟಳು. "ಮುಚ್ಚಳ ಗಟ್ಟಿ ಹಾಕಿ, ಮಣ್ಣು ಕೈಯಲ್ಲಿ ಮುಟ್ಟಬೇಡಿ."

ಸಂಜೆ ಮನೆ ಮುಟ್ಟಿದಾಗ ಅಮ್ಮ ಬಾಗಿಲ ಹತ್ತಿರವೇ ಆಚೆ ಮುಖ ಮಾಡಿ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಹೊಸ್ತಿಲಲ್ಲಿ ನಿಂತು, ಮಾತಾಡದೆ ಮುಚ್ಚಳ ತೆಗೆದೆ.

"ಕಾಲು ತೊಳೆದು ಬನ್ನಿ ಅಂತ ಎಷ್ಟು ಸಲ ಹೇಳುದು ನಿಮಗೆ" ಎಂದರು ಅಮ್ಮ, ತಿರುಗದೆ.

ಆಮೇಲೆ ಅವರ ಕೈ ನಿಂತಿತು. ನಾನು ಬಾಟಲಿಯನ್ನು ಅಲ್ಲೇ ಇಟ್ಟು, ಅಂಗಳದ ನಳ್ಳಿಗೆ ಹೋಗಿ ಕಾಲು ತೊಳೆದು ಬಂದೆ.